ಭೌತಶಾಸ್ತ್ರ ಪ್ರಯೋಗದ ವರದಿ ಬರೆಯುವುದು ಹೇಗೆ? ಸರಳ ಲೋಲಕವನ್ನೇ ಹಿಡಿದು ಒಂದು ಸಮಗ್ರ ಮಾರ್ಗದರ್ಶಿ

ಪಿಯುಸಿಯವರೆಗೆ ಲ್ಯಾಬಿಗೆಂದು ಬರೆಯುವುದು ‘ರೆಕಾರ್ಡ್’. ಎಡಗಡೆಯ ಖಾಲಿ ಪುಟದಲ್ಲಿ ಪೆನ್ಸಿಲಿನಿಂದ ಚಿತ್ರ, ಸೂತ್ರ, ಕೋಷ್ಟಕ. ಬಲಗಡೆಯ ಗೆರೆ ಪುಟದಲ್ಲಿ ಪೆನ್ನಿನಿಂದ ಉದ್ದೇಶ, ತತ್ವ, ವಿಧಾನ, ಫಲಿತಾಂಶ. ಡಿಗ್ರಿಗೋ ಎಂಜಿನಿಯರಿಂಗಿಗೋ ಹೋದ ಮೇಲೆ ಕೇಳುವುದು ‘ವರದಿ’. ಪ್ರಯೋಗ ಮಾಡಿದ್ದಾಯಿತು ಎಂದು ತೋರಿಸಿದರೆ ರೆಕಾರ್ಡಿನ ಕೆಲಸ ಮುಗಿಯಿತು. ವರದಿ ಅದಕ್ಕಿಂತ ಒಂದು ಹೆಜ್ಜೆ ಮುಂದೆ ಹೋಗಿ, ಬಂದ ಉತ್ತರವನ್ನು ಎಷ್ಟರ ಮಟ್ಟಿಗೆ ನಂಬಬಹುದು ಎಂಬುದನ್ನೂ ಹೇಳಬೇಕು. ಆ ದಿನ ಲ್ಯಾಬಿನಲ್ಲೇ ಇರದಿದ್ದ ಸಹಪಾಠಿಯೊಬ್ಬರು ನಿಮ್ಮ ವರದಿಯನ್ನಷ್ಟೇ ಓದಿ ಅದೇ ಪ್ರಯೋಗ ಮಾಡುವಂತಿರಬೇಕು, ನಿಮ್ಮ ಲೆಕ್ಕವನ್ನು ಮೊದಲಿನಿಂದ ಕೊನೆಯವರೆಗೆ ತಾಳೆ ನೋಡುವಂತಿರಬೇಕು.

ಸಾಮಾನ್ಯ ಸಲಹೆಗಳನ್ನು ಗಾಳಿಯಲ್ಲಿ ಹೇಳುವುದಕ್ಕಿಂತ ಎಲ್ಲರೂ ಒಮ್ಮೆಯಾದರೂ ಮಾಡುವ ಪ್ರಯೋಗವನ್ನೇ ಎತ್ತಿಕೊಳ್ಳೋಣ: ಸರಳ ಲೋಲಕದಿಂದ, ಅಂದರೆ ದಾರಕ್ಕೆ ಕಟ್ಟಿ ತೂಗುಬಿಟ್ಟ ಗುಂಡಿನಿಂದ, ಗುರುತ್ವ ವೇಗೋತ್ಕರ್ಷವನ್ನು ಕಂಡುಹಿಡಿಯುವುದು. ಇಲ್ಲಿ ಉದ್ದಕ್ಕೆ ಎಲ್, ಆಂದೋಲನಾವಧಿಗೆ (ಒಂದು ಸಲ ಹೋಗಿ ಬರಲು ಹಿಡಿಯುವ ಸಮಯಕ್ಕೆ) ಟಿ, ಗುರುತ್ವ ವೇಗೋತ್ಕರ್ಷಕ್ಕೆ ಜಿ ಎಂದು ಬರೆದಿದೆ. ವರದಿ ಯಾವ ಭಾಷೆಯಲ್ಲಿದ್ದರೂ ವಿಧಾನ ಇದೇ.

ಬರವಣಿಗೆ ಶುರುವಾಗುವುದು ಲ್ಯಾಬಿನಲ್ಲೇ

ವರದಿ ಕೆಡುವುದು ಸಾಮಾನ್ಯವಾಗಿ ಮನೆಯಲ್ಲಿ ಕೂತು ಬರೆಯುವಾಗ ಅಲ್ಲ, ಮೂರು ದಿನ ಮೊದಲು ರೀಡಿಂಗ್ ತೆಗೆಯುವಾಗ. ಅಬ್ಸರ್ವೇಷನ್ ಪುಸ್ತಕದಲ್ಲಿ ಪೆನ್ನಿನಿಂದಲೇ ಬರೆಯಿರಿ. ತಪ್ಪಾದರೆ ಒಂದು ಗೆರೆ ಎಳೆದು ಪಕ್ಕದಲ್ಲಿ ಸರಿಯಾದದ್ದನ್ನು ಬರೆಯಿರಿ. ಹಳೆಯ ಅಂಕಿ ಓದಲು ಬರುವಂತಿರಲಿ. ‘ತಪ್ಪು’ ಎಂದು ಹೊಡೆದುಹಾಕಿದ ರೀಡಿಂಗೇ ಸರಿಯಾಗಿತ್ತು ಎಂದು ಲೆಕ್ಕ ಮಾಡುವಾಗ ಗೊತ್ತಾಗುವುದು ಅಪರೂಪವೇನಲ್ಲ.

ಲ್ಯಾಬ್ ಬಿಟ್ಟು ಹೊರಡುವ ಮೊದಲು ಪುಸ್ತಕದಲ್ಲಿ ಇಷ್ಟು ಇರಲೇಬೇಕು: ಪ್ರತಿಯೊಂದು ಉಪಕರಣದ ಲೀಸ್ಟ್ ಕೌಂಟ್ (ಅದರಿಂದ ಓದಬಹುದಾದ ಅತಿ ಸಣ್ಣ ಅಳತೆ), ವರ್ನಿಯರ್‌ನ ಶೂನ್ಯ ದೋಷ (ಪೂರ್ತಿ ಮುಚ್ಚಿದಾಗಲೂ ಸೊನ್ನೆಯ ಬದಲು ತೋರಿಸುವ ಅಂಕಿ), ಗುಂಡಿನ ವ್ಯಾಸ, ಉದ್ದವನ್ನು ಎಲ್ಲಿಂದ ಎಲ್ಲಿಗೆ ಅಳೆದಿರಿ ಎಂಬ ಟಿಪ್ಪಣಿ, ಗುಂಡನ್ನು ಎಷ್ಟು ಪಕ್ಕಕ್ಕೆಳೆದು ಬಿಟ್ಟಿರಿ ಎಂಬ ಅಳತೆ, ಪ್ರತಿ ಉದ್ದಕ್ಕೆ ಕನಿಷ್ಠ ಮೂರು ಸಮಯದ ರೀಡಿಂಗು. ಇವುಗಳಲ್ಲಿ ಒಂದು ಬಿಟ್ಟುಹೋದರೂ ಆಮೇಲೆ ನೆನಪಿನಿಂದ ತುಂಬಿಸಲಾಗದು.

ಆಂದೋಲನ ಎಣಿಸುವ ರೀತಿಯನ್ನು ಸ್ವಲ್ಪ ಹತ್ತಿರದಿಂದ ನೋಡಿ. ಮಧ್ಯದ ವಿಶ್ರಾಂತ ಸ್ಥಾನದ ಹಿಂದೆ ಸೀಮೆಸುಣ್ಣದಲ್ಲಿ ಒಂದು ಗುರುತು ಹಾಕಿಕೊಳ್ಳಿ. ಗುಂಡು ಎಡದಿಂದ ಬಲಕ್ಕೆ ಆ ಗುರುತನ್ನು ದಾಟುವಾಗ ಸ್ಟಾಪ್‌ವಾಚ್ ಒತ್ತಿ, ಬಾಯಲ್ಲಿ ‘ಸೊನ್ನೆ’ ಎನ್ನಿ. ಮತ್ತೆ ಎಡದಿಂದ ಬಲಕ್ಕೆ ದಾಟಿದಾಗ ‘ಒಂದು’. ‘ಇಪ್ಪತ್ತು’ ಎನ್ನುವಾಗ ನಿಲ್ಲಿಸಿ. ವಾಚ್ ಒತ್ತುವಾಗಲೇ ‘ಒಂದು’ ಎಂದರೆ ಇಪ್ಪತ್ತರ ಹೊತ್ತಿಗೆ ಆಗಿರುವುದು ಹತ್ತೊಂಬತ್ತೇ ಆಂದೋಲನ. ಆಗ ಅವಧಿ ನೂರಕ್ಕೆ ಐದರಷ್ಟು ಕಡಿಮೆ ಬರುತ್ತದೆ. ಸೂತ್ರದಲ್ಲಿ ಅವಧಿಯ ವರ್ಗವಿರುವುದರಿಂದ ಜಿ 10.8ರ ಆಸುಪಾಸಿಗೆ ಏರುತ್ತದೆ. ಒಂದು ಹೆಚ್ಚು ಎಣಿಸಿ 21 ಮಾಡಿದರೆ 8.87ರ ಹತ್ತಿರಕ್ಕೆ ಇಳಿಯುತ್ತದೆ. ಉತ್ತರ 10.8 ಬಂದರೆ ಮೊದಲು ಅನುಮಾನಪಡಬೇಕಾದದ್ದು ಎಣಿಕೆಯನ್ನೇ.

ಗುರುತನ್ನು ಮಧ್ಯದಲ್ಲೇ ಏಕೆ ಹಾಕಬೇಕು? ತುದಿಯಲ್ಲಿ ಗುಂಡು ಕ್ಷಣಕಾಲ ತಡೆದು ನಿಂತಂತಿರುತ್ತದೆ. ಯಾವ ಗಳಿಗೆಯಲ್ಲಿ ತಿರುಗಿತು ಎಂದು ಕಣ್ಣಿಗೆ ತಿಳಿಯದು. ಮಧ್ಯದಲ್ಲಿ ವೇಗ ಗರಿಷ್ಠ, ದಾಟುವ ಕ್ಷಣ ಖಚಿತ. ಈ ಒಂದು ಕಾರಣವನ್ನು ವರದಿಯ ವಿಧಾನ ಭಾಗದಲ್ಲಿ ಬರೆದರೆ ಓದುವವರಿಗೆ ನೀವು ಅರ್ಥ ಮಾಡಿಕೊಂಡು ಮಾಡಿದ್ದೀರಿ ಎಂದು ಗೊತ್ತಾಗುತ್ತದೆ.

ಯಾವ ಭಾಗವನ್ನು ಮೊದಲು ಬರೆಯಬೇಕು

ಅಚ್ಚಿನಲ್ಲಿ ಕಾಣುವ ಕ್ರಮ ಹೀಗೆ: ಶೀರ್ಷಿಕೆ, ಸಾರಾಂಶ, ಉದ್ದೇಶ, ತತ್ವ, ಉಪಕರಣಗಳು, ವಿಧಾನ, ವೀಕ್ಷಣೆ, ಲೆಕ್ಕ ಮತ್ತು ಗ್ರಾಫ್, ಅನಿಶ್ಚಿತತೆ, ಫಲಿತಾಂಶ, ಚರ್ಚೆ, ಅನುಬಂಧ. ಇದೇ ಕ್ರಮದಲ್ಲಿ ಬರೆಯಲು ಕೂತರೆ ಶೀರ್ಷಿಕೆ ಮತ್ತು ತತ್ವದಲ್ಲೇ ಸಂಜೆ ಕಳೆದುಹೋಗುತ್ತದೆ, ತೂಕವಿರುವ ಭಾಗಗಳಿಗೆ ರಾತ್ರಿಯ ಹನ್ನೊಂದು ಗಂಟೆಯ ಮಂಪರು ಉಳಿಯುತ್ತದೆ. ಕೋಷ್ಟಕ ಮೊದಲು ಮಾಡಿ, ಆಮೇಲೆ ಗ್ರಾಫ್, ಲೆಕ್ಕ, ಅನಿಶ್ಚಿತತೆ. ಅದಾದ ಮೇಲೆ ಚರ್ಚೆ. ತತ್ವ ಮತ್ತು ವಿಧಾನ ಅದರ ನಂತರ. ಸಾರಾಂಶ ಎಲ್ಲಕ್ಕಿಂತ ಕೊನೆಗೆ.

ಕೋಷ್ಟಕ

ಮಾದರಿಗಾಗಿ ಈ ಅಂಕಿಗಳು ಬಂದವು ಎಂದಿಟ್ಟುಕೊಳ್ಳೋಣ. ಉದ್ದ ಎಂದರೆ ದಾರವನ್ನು ಕಾರ್ಕ್ ಹಿಡಿದಿರುವ ಜಾಗದಿಂದ ಗುಂಡಿನ ಕೇಂದ್ರದವರೆಗೆ. ಸಮಯ ಮೂರು ರೀಡಿಂಗುಗಳ ಸರಾಸರಿ.

| ಎಲ್ (ಮೀ) | 20 ಆಂದೋಲನದ ಸಮಯ (ಸೆ) | ಟಿ (ಸೆ) | ಟಿ² (ಸೆ²) |
|---|---|---|---|
| 0.600 | 31.20 | 1.560 | 2.434 |
| 0.800 | 35.90 | 1.795 | 3.222 |
| 1.000 | 40.25 | 2.013 | 4.050 |
| 1.200 | 44.00 | 2.200 | 4.840 |
| 1.400 | 47.60 | 2.380 | 5.664 |

ಏಕಮಾನವನ್ನು ತಲೆಪಟ್ಟಿಯಲ್ಲಿ ಒಮ್ಮೆ ಬರೆದರೆ ಸಾಕು, ಪ್ರತಿ ಅಂಕಿಯ ಮುಂದೆ ಬೇಡ. ಉದ್ದವನ್ನು ‘1’ ಎಂದು ಬರೆಯದೆ ‘1.000’ ಎಂದು ಬರೆಯಿರಿ. ಕೊನೆಯ ಸೊನ್ನೆಗಳು ಅಲಂಕಾರಕ್ಕಲ್ಲ; ಮಿಲಿಮೀಟರ್‌ವರೆಗೆ ನೋಡಿದ್ದೀರಿ ಎಂದು ಅವೇ ಹೇಳುತ್ತವೆ. ಹಾಗೆಯೇ ಕ್ಯಾಲ್ಕುಲೇಟರ್ 4.05015625 ತೋರಿಸಿತೆಂದು ಅದನ್ನೆಲ್ಲ ಇಳಿಸಬೇಡಿ. ಆದರೆ ಮುಂದಿನ ಲೆಕ್ಕಕ್ಕೆ ಪೂರ್ತಿ ಅಂಕಿಯನ್ನೇ ಬಳಸಿ, ಬರೆಯುವಾಗಷ್ಟೇ ಮೊಟಕು ಮಾಡಿ. ಮೇಲಿನ 2.013ನ್ನು ವರ್ಗ ಮಾಡಿದರೆ 4.052 ಬರುತ್ತದೆ, 2.0125ನ್ನು ಮಾಡಿದರೆ 4.050. ಹೆಜ್ಜೆಹೆಜ್ಜೆಗೂ ಮೊಟಕು ಮಾಡುತ್ತ ಹೋದರೆ ಇಂಥ ಸಣ್ಣ ವ್ಯತ್ಯಾಸಗಳು ಕೂಡಿಕೊಳ್ಳುತ್ತವೆ.

ಮೂರೂ ರೀಡಿಂಗುಗಳನ್ನು ತೋರಿಸುವುದು ಕಡ್ಡಾಯ. ಮುಖ್ಯ ಕೋಷ್ಟಕದಲ್ಲಿ ಜಾಗವಿಲ್ಲದಿದ್ದರೆ ಅನುಬಂಧದಲ್ಲಿ ಕೊಡಿ. 1.000 ಮೀಟರಿಗೆ 40.31, 40.16, 40.28 ಬಂದಿದ್ದರೆ ಹಾಗೇ ಬರೆಯಿರಿ. ಮೂರೂ ಸಲ 40.25 ಎಂದು ಬರೆದ ಕೋಷ್ಟಕ ಕೈಯಿಂದ ಒತ್ತಿದ ಸ್ಟಾಪ್‌ವಾಚಿನದು ಎಂದು ಯಾರೂ ನಂಬುವುದಿಲ್ಲ.

ಗ್ರಾಫ್ ಏಕೆ, ಸರಾಸರಿ ಸಾಲದೇ?

ಸೂತ್ರ ಟಿ = 2ಪೈ√(ಎಲ್/ಜಿ). ವರ್ಗ ಮಾಡಿದರೆ ಟಿ² = (4ಪೈ²/ಜಿ) × ಎಲ್. ಪ್ರತಿ ಸಾಲಿಗೂ ಜಿ ಲೆಕ್ಕ ಹಾಕಿ ಸರಾಸರಿ ತೆಗೆಯುವುದು ಸುಲಭ, ಬಹಳ ಮಂದಿ ಮಾಡುವುದೂ ಅದನ್ನೇ. ಆದರೆ ಗ್ರಾಫ್ ತೋರಿಸುವ ಒಂದು ಸಂಗತಿಯನ್ನು ಸರಾಸರಿ ಮುಚ್ಚಿಹಾಕುತ್ತದೆ. ನೀವು ಗುಂಡಿನ ತ್ರಿಜ್ಯವನ್ನು ಸೇರಿಸಲು ಮರೆತು ದಾರದ ಉದ್ದವನ್ನಷ್ಟೇ ಬಳಸಿದ್ದೀರಿ ಎನ್ನಿ. 2 ಸೆಂ.ಮೀ. ವ್ಯಾಸದ ಗುಂಡಾದರೆ ಎಲ್ಲ ಉದ್ದಗಳೂ 1 ಸೆಂ.ಮೀ. ಕಡಿಮೆ. ಸಾಲುಸಾಲಾಗಿ ಲೆಕ್ಕ ಮಾಡಿದರೆ 60 ಸೆಂ.ಮೀ. ಸಾಲಿನಲ್ಲಿ ಜಿ ನೂರಕ್ಕೆ 1.7ರಷ್ಟು ಕಡಿಮೆ, 140ರ ಸಾಲಿನಲ್ಲಿ 0.7ರಷ್ಟು ಕಡಿಮೆ, ಸರಾಸರಿ ತೆಗೆದ ಮೇಲೆ ತಪ್ಪು ಎಲ್ಲಿಂದ ಬಂತೆಂದೇ ತಿಳಿಯುವುದಿಲ್ಲ. ಗ್ರಾಫಿನಲ್ಲಿ ಗೆರೆ ಇಡಿಯಾಗಿ ಪಕ್ಕಕ್ಕೆ ಸರಿಯುತ್ತದೆ, ಓರೆ (ಸ್ಲೋಪ್) ಬದಲಾಗುವುದಿಲ್ಲ. ಸ್ಲೋಪಿನಿಂದ ತೆಗೆದ ಜಿ ಸರಿಯಾಗಿಯೇ ಬರುತ್ತದೆ. ಗೆರೆಯನ್ನು ಹಿಂದಕ್ಕೆಳೆದರೆ ಅದು ಮೂಲಬಿಂದುವಿಗೆ 1 ಸೆಂ.ಮೀ. ಎಡಕ್ಕೆ ಅಡ್ಡ ಅಕ್ಷವನ್ನು ಮುಟ್ಟಿ, ಬಿಟ್ಟುಹೋದದ್ದು ಎಷ್ಟೆಂದು ಬೆರಳಿಟ್ಟು ತೋರಿಸುತ್ತದೆ. ಭೌತಶಾಸ್ತ್ರದಲ್ಲಿ ಗ್ರಾಫಿಗೆ ಇಷ್ಟೊಂದು ಗೌರವ ಇರುವುದು ಇದಕ್ಕೇ.

ಗ್ರಾಫ್ ಹಾಳೆಯ ಮೇಲೆ: ಅಡ್ಡಕ್ಕೆ ಎಲ್, 1 ಸೆಂ.ಮೀ.ಗೆ 0.1 ಮೀ; ಲಂಬಕ್ಕೆ ಟಿ², 2 ಸೆಂ.ಮೀ.ಗೆ 0.5 ಸೆ². 3 ಅಥವಾ 7ರ ಲೆಕ್ಕದ ಸ್ಕೇಲ್ ಬೇಡ. ನಡುವಿನ ಬಿಂದುಗಳನ್ನು ಗುರುತಿಸುವಾಗ ತಪ್ಪಾಗುವುದು ಖಂಡಿತ. ಬಿಂದುಗಳನ್ನು ಚೂಪಾದ ಪೆನ್ಸಿಲಿನಿಂದ ಸಣ್ಣ ಗುಣಾಕಾರ ಚಿಹ್ನೆಯಾಗಿಯೋ, ಸುತ್ತ ವೃತ್ತವಿರುವ ಚುಕ್ಕೆಯಾಗಿಯೋ ಹಾಕಿ. ಬಿಂದುವಿನಿಂದ ಬಿಂದುವಿಗೆ ಗೆರೆ ಎಳೆದು ಜೋಡಿಸಬೇಡಿ. ಪಾರದರ್ಶಕ ಸ್ಕೇಲನ್ನಿಟ್ಟು, ಮೇಲೆ ಕೆಳಗೆ ಬಿಂದುಗಳು ಸರಿಸುಮಾರು ಸಮವಾಗಿ ಹಂಚುವಂತೆ ಒಂದೇ ನೇರ ಗೆರೆ ಎಳೆಯಿರಿ. ಗೆರೆ ಮೂಲಬಿಂದುವಿನ ಮೂಲಕವೇ ಹೋಗಬೇಕೆಂದು ಬಲವಂತ ಮಾಡಬೇಡಿ; ಹೋಗುತ್ತದೋ ಇಲ್ಲವೋ ಎಂಬುದೇ ಒಂದು ಫಲಿತಾಂಶ.

ಸ್ಲೋಪಿಗೆ ಆರಿಸುವ ಎರಡು ಬಿಂದುಗಳು ಗೆರೆಯ ಮೇಲಿನವಾಗಿರಬೇಕು, ಕೋಷ್ಟಕದವಲ್ಲ. ಅವು ದೂರದೂರ ಇರಲಿ. ನಮ್ಮ ಗೆರೆಯ ಮೇಲೆ (0.20, 0.81) ಮತ್ತು (1.45, 5.86) ಆರಿಸಿದರೆ ಸ್ಲೋಪ್ 5.05 ÷ 1.25 = 4.04 ಸೆ²/ಮೀ. ಸ್ಲೋಪ್ ಎಂದರೆ 4ಪೈ²/ಜಿ, ಹಾಗಾಗಿ ಜಿ = 4ಪೈ² ÷ ಸ್ಲೋಪ್ = 39.48 ÷ 4.04 = 9.77 ಮೀ/ಸೆ². ಈ ಒಂದು ಲೆಕ್ಕವನ್ನು ಹೆಜ್ಜೆ ಬಿಡದೆ, ಏಕಮಾನಗಳ ಸಮೇತ ವರದಿಯಲ್ಲಿ ಬರೆಯಿರಿ. ಒಂದೇ ಬಗೆಯ ಲೆಕ್ಕವನ್ನು ಐದು ಸಲ ಬರೆದು ಪುಟ ತುಂಬಿಸುವ ಅಗತ್ಯವಿಲ್ಲ.

ಸ್ಪ್ರೆಡ್‌ಶೀಟ್ ಬಳಸುವವರು ಟ್ರೆಂಡ್‌ಲೈನ್ ಹಾಕಿ ಅಷ್ಟಕ್ಕೇ ನಿಲ್ಲಿಸಬೇಡಿ. ಲೈನೆಸ್ಟ್ ಎಂಬ ಫಂಕ್ಷನ್ ಸ್ಲೋಪಿನ ಜೊತೆಗೆ ಅದರ ಅನಿಶ್ಚಿತತೆಯನ್ನೂ ಕೊಡುತ್ತದೆ. ನಮ್ಮ ಐದು ಬಿಂದುಗಳಿಗೆ ಅದು ಕೊಡುವುದು 4.039, ಅನಿಶ್ಚಿತತೆ 0.018, ಲಂಬ ಅಕ್ಷದ ಮೇಲಿನ ಛೇದ 0.003. ಛೇದ ಬಹುತೇಕ ಸೊನ್ನೆ, ಅಂದರೆ ಉದ್ದವನ್ನು ಸರಿಯಾದ ಜಾಗದಿಂದಲೇ ಅಳೆದಿದ್ದೇವೆ.

ಅನಿಶ್ಚಿತತೆ: ವರದಿಯ ತೂಕವೆಲ್ಲ ಇಲ್ಲಿ

ಸ್ಟಾಪ್‌ವಾಚ್ 0.01 ಸೆಕೆಂಡ್ ತೋರಿಸುತ್ತದೆ, ಆದ್ದರಿಂದ ದೋಷ 0.01 ಸೆಕೆಂಡ್ ಎಂದು ಬರೆಯುವುದು ಅತಿ ಸಾಮಾನ್ಯವಾದ ತಪ್ಪು. ಒತ್ತುವುದು ನಿಮ್ಮ ಹೆಬ್ಬೆರಳು. ಶುರುಮಾಡುವಾಗ ಒಂದಿಷ್ಟು, ನಿಲ್ಲಿಸುವಾಗ ಒಂದಿಷ್ಟು ಹಿಂದುಮುಂದಾಗಿ 0.2 ಸೆಕೆಂಡಿನವರೆಗೆ ಹೋಗಬಹುದು. 40 ಸೆಕೆಂಡಿನಲ್ಲಿ 0.2 ಎಂದರೆ ನೂರಕ್ಕೆ 0.5. ಟಿ² ಆದಾಗ ಅದು ಎರಡರಷ್ಟು, ನೂರಕ್ಕೆ 1. ಉದ್ದದಲ್ಲಿ 2 ಮಿ.ಮೀ. ಸಂಶಯವಿದ್ದರೆ 1 ಮೀಟರಿಗೆ ನೂರಕ್ಕೆ 0.2. ಎರಡನ್ನೂ ವರ್ಗಮಾಡಿ ಕೂಡಿ ವರ್ಗಮೂಲ ತೆಗೆದರೆ 1.02. ಅಂದರೆ ಒಂದು ಸಾಲಿನ ಒಂದು ರೀಡಿಂಗಿನಿಂದ ಬಂದ ಜಿ ಬೆಲೆಯಲ್ಲಿ 0.1 ಮೀ/ಸೆ² ಅನಿಶ್ಚಿತತೆ.

ಇಲ್ಲಿ ಗಮನಿಸಬೇಕಾದದ್ದು, ಉದ್ದದ ಪಾಲು ಹೆಚ್ಚುಕಡಿಮೆ ಲೆಕ್ಕಕ್ಕೇ ಬರಲಿಲ್ಲ. ಇನ್ನೂ ನಾಜೂಕಾದ ಸ್ಕೇಲ್ ತಂದರೂ ಉತ್ತರ ಸುಧಾರಿಸುವುದಿಲ್ಲ. ಆಂದೋಲನಗಳನ್ನು 20ರಿಂದ 50ಕ್ಕೆ ಏರಿಸಿದರೆ ಸುಧಾರಿಸುತ್ತದೆ. 10ಕ್ಕೆ ಇಳಿಸಿದರೆ ಅದೇ ಅನಿಶ್ಚಿತತೆ ನೂರಕ್ಕೆ 2 ಆಗುತ್ತದೆ. ‘ಹೆಚ್ಚು ನಿಖರವಾದ ಉಪಕರಣ ಬಳಸಬಹುದಿತ್ತು’ ಎಂದು ಬರೆಯುವ ಮುನ್ನ ಯಾವ ಅಳತೆ ದೋಷವನ್ನು ಎಳೆದು ತರುತ್ತಿದೆ ಎಂದು ಹೀಗೆ ಲೆಕ್ಕ ಹಾಕಿ ನೋಡಿ.

ಗ್ರಾಫಿನಿಂದ ತೆಗೆದ ಉತ್ತರಕ್ಕೆ ಗ್ರಾಫಿನ ಅನಿಶ್ಚಿತತೆಯನ್ನೇ ಕೊಡಬೇಕು. 4.039ರಲ್ಲಿ 0.018 ಎಂದರೆ ನೂರಕ್ಕೆ 0.45. ಜಿಗೂ ಅಷ್ಟೇ ಪಾಲು: 9.77ರಲ್ಲಿ 0.04. ಕೈಯಿಂದ ಗ್ರಾಫ್ ಬರೆಯುವವರು ಬಿಂದುಗಳಿಗೆ ಒಪ್ಪುವ ಅತಿ ಕಡಿದಾದ ಗೆರೆಯನ್ನೂ ಅತಿ ಕಡಿಮೆ ಕಡಿದಾದ ಗೆರೆಯನ್ನೂ ಎಳೆದು, ಎರಡು ಸ್ಲೋಪುಗಳ ವ್ಯತ್ಯಾಸದ ಅರ್ಧವನ್ನು ತೆಗೆದುಕೊಳ್ಳಬಹುದು.

ಅನಿಶ್ಚಿತತೆಯನ್ನು ಒಂದೇ ಅಂಕಿಗೆ ಮೊಟಕು ಮಾಡಿ. ಆ ಅಂಕಿ 1 ಆಗಿದ್ದರೆ ಎರಡಂಕಿ ಇಡಿ. ಉತ್ತರವೂ ಅದೇ ದಶಮಾಂಶ ಸ್ಥಾನಕ್ಕೆ ನಿಲ್ಲಬೇಕು. 9.77 ± 0.04 ಸರಿ. 9.7742 ± 0.04 ಎಂದು ಬರೆದರೆ ಎರಡನೆಯ ದಶಮಾಂಶದಲ್ಲೇ ಸಂಶಯವಿರುವಾಗ ನಾಲ್ಕನೆಯದು ಗೊತ್ತು ಎಂದು ಹೇಳಿದಂತಾಗುತ್ತದೆ.

ಹೋಲಿಸುವುದು ಯಾವುದರೊಂದಿಗೆ?

9.8ಕ್ಕೆ ಹೋಲಿಸಿ ‘ಶೇಕಡಾ ದೋಷ’ ಬರೆಯುವುದು ರೂಢಿ. 9.80665 ಎಂಬುದು 1901ರಲ್ಲಿ ಅಂತರರಾಷ್ಟ್ರೀಯವಾಗಿ ಒಪ್ಪಿ ನಿಗದಿ ಮಾಡಿದ ಬೆಲೆ. ನಿಮ್ಮ ಲ್ಯಾಬಿನಲ್ಲಿರುವ ಜಿ ಅಲ್ಲ. ಭೂಮಿ ಧ್ರುವಗಳಲ್ಲಿ ಚಪ್ಪಟೆ, ಮೇಲಾಗಿ ತಿರುಗುತ್ತಿದೆ. ಹಾಗಾಗಿ ಭೂಮಧ್ಯರೇಖೆಯ ಕಡೆಗೆ ಬಂದಷ್ಟೂ ಜಿ ಕಡಿಮೆ. ಎತ್ತರ ಹೆಚ್ಚಾದರೂ ಕಡಿಮೆ. ಇದನ್ನು ಮೊದಲು ಬಯಲು ಮಾಡಿದ್ದೂ ಲೋಲಕವೇ: 1672ರಲ್ಲಿ ಜ್ಯಾನ್ ರಿಶೆ ಪ್ಯಾರಿಸ್‌ನಿಂದ ದಕ್ಷಿಣ ಅಮೆರಿಕದ ಕಯೆನ್‌ಗೆ ಒಯ್ದ ಲೋಲಕದ ಗಡಿಯಾರ ಅಲ್ಲಿ ದಿನಕ್ಕೆ ಸುಮಾರು ಎರಡೂವರೆ ನಿಮಿಷ ಹಿಂದೆ ಬೀಳತೊಡಗಿತ್ತು. ಬೆಂಗಳೂರು 13 ಡಿಗ್ರಿ ಉತ್ತರ ಅಕ್ಷಾಂಶದಲ್ಲಿ, ಸಮುದ್ರಮಟ್ಟದಿಂದ ಸುಮಾರು 920 ಮೀಟರ್ ಎತ್ತರದಲ್ಲಿದೆ. ಇಲ್ಲಿ ಜಿ ಸುಮಾರು 9.78. ಮಂಗಳೂರಿನ ಕಡಲತೀರದಲ್ಲಿ ಮಾಡಿದರೂ ಎರಡು ದಶಮಾಂಶದಲ್ಲಿ ಅದೇ 9.78. ಹೋಲಿಕೆ ಈ ಬೆಲೆಯೊಂದಿಗೆ ಇರಲಿ, ಅದನ್ನು ಎಲ್ಲಿಂದ ತೆಗೆದುಕೊಂಡಿರಿ ಎಂಬುದನ್ನೂ ಬರೆಯಿರಿ.

ನಮ್ಮ ಉತ್ತರ 9.77 ± 0.04. ವ್ಯತ್ಯಾಸ 0.01, ಅನಿಶ್ಚಿತತೆ 0.04. ವ್ಯತ್ಯಾಸ ಅನಿಶ್ಚಿತತೆಯೊಳಗೇ ಇದೆ, ಆದ್ದರಿಂದ ಎರಡೂ ಹೊಂದುತ್ತವೆ. ಫಲಿತಾಂಶದಲ್ಲಿ ಹೇಳಬೇಕಾದದ್ದು ಇಷ್ಟೇ. ಶೇಕಡಾ ದೋಷ 0.1 ಎಂಬುದೊಂದನ್ನೇ ಬರೆದರೆ ಏನೂ ತಿಳಿಯುವುದಿಲ್ಲ, ಏಕೆಂದರೆ ಅನಿಶ್ಚಿತತೆ ನೂರಕ್ಕೆ 5 ಇದ್ದು ಅದೃಷ್ಟಕ್ಕೆ 0.1 ಬಂದಿರಬಹುದು.

ಇನ್ನೊಂದು ಮಾತನ್ನು ಒತ್ತಿ ಹೇಳಬೇಕು. ಉತ್ತರ 9.6 ಬಂದರೆ ರೀಡಿಂಗ್ ತಿದ್ದಿ 9.8 ಮಾಡಬೇಡಿ. 9.8 ತರುವುದು ಪ್ರಯೋಗದ ಗುರಿಯಾಗಿದ್ದರೆ ಲೋಲಕವೇ ಬೇಕಿರಲಿಲ್ಲ, ಪುಸ್ತಕದಲ್ಲೇ ಇದೆ. 9.60 ± 0.04 ಎಂದು ಬರೆದು ಅದು ಏಕೆ ಕಡಿಮೆ ಎಂದು ಹುಡುಕಿದ ವರದಿ, ತಿದ್ದಿ ಬರೆದ 9.80ಕ್ಕಿಂತ ಎಲ್ಲ ರೀತಿಯಲ್ಲೂ ಮೇಲು. ತಿದ್ದಿದ ರೀಡಿಂಗುಗಳು ಸಿಕ್ಕಿಬೀಳುವುದೂ ಸುಲಭ: ಗ್ರಾಫಿನ ಮೇಲೆ ಎಲ್ಲ ಬಿಂದುಗಳೂ ಗೆರೆಯ ಮೇಲೆಯೇ ಕೂತಿರುತ್ತವೆ.

ಚರ್ಚೆ: ‘ಗಾಳಿಯ ಪ್ರತಿರೋಧ’ ಎಂದು ಬರೆಯುವ ಮೊದಲು

ಚರ್ಚೆಯ ಭಾಗದಲ್ಲಿ ಹೆಚ್ಚಿನವರು ಬರೆಯುವ ಮೂರು ಸಾಲು: ಗಾಳಿಯ ಪ್ರತಿರೋಧದಿಂದ ದೋಷವಾಗಿರಬಹುದು, ಮಾನವ ದೋಷವಾಗಿರಬಹುದು, ಫ್ಯಾನ್ ಆರಿಸಬೇಕಿತ್ತು. ಇದರಿಂದ ಓದುವವರಿಗೆ ಏನೂ ಸಿಗುವುದಿಲ್ಲ. ಪ್ರತಿ ಕಾರಣಕ್ಕೂ ಎರಡು ಪ್ರಶ್ನೆ ಕೇಳಿ: ಅದು ಉತ್ತರವನ್ನು ಯಾವ ಕಡೆಗೆ ತಳ್ಳುತ್ತದೆ? ಎಷ್ಟು ತಳ್ಳುತ್ತದೆ?

ಗಾಳಿಯನ್ನೇ ನೋಡಿ. ಹಿತ್ತಾಳೆಯ ಸಾಂದ್ರತೆ ಘನ ಮೀಟರಿಗೆ ಸುಮಾರು 8,400 ಕೆ.ಜಿ., ಗಾಳಿಯದು ಸುಮಾರು 1.2. ಗಾಳಿ ಗುಂಡನ್ನು ಮೇಲಕ್ಕೆತ್ತುವುದರಿಂದ ಜಿ ಕಡಿಮೆಯಾಗಿ ಕಾಣುವುದು ನೂರಕ್ಕೆ 0.014ರಷ್ಟು ಮಾತ್ರ. ಗಾಳಿಯಿಂದ ಪಾರ (ಗುಂಡು ಮಧ್ಯದಿಂದ ಪಕ್ಕಕ್ಕೆ ಹೋಗುವ ಗರಿಷ್ಠ ದೂರ) ನಿಧಾನವಾಗಿ ಕುಗ್ಗುತ್ತದೆ ನಿಜ, ಆದರೆ ಅವಧಿಯ ಮೇಲೆ ಅದರ ಪರಿಣಾಮ ಕೈ ಸ್ಟಾಪ್‌ವಾಚಿಗೆ ಸಿಗುವಂಥದ್ದಲ್ಲ. ನೂರಕ್ಕೆ 2 ವ್ಯತ್ಯಾಸಕ್ಕೆ ಗಾಳಿಯನ್ನು ಹೊಣೆ ಮಾಡಲು ಬರುವುದಿಲ್ಲ.

ಕೋನ ಹಾಗಲ್ಲ. ಸೂತ್ರ ಹೊಂದುವುದು ಸಣ್ಣ ಕೋನಕ್ಕೆ ಮಾತ್ರ; ಕೋನ ದೊಡ್ಡದಾದರೆ ಅವಧಿ ಸುಮಾರು (1 + ಕೋನದ ವರ್ಗ/16) ಪಟ್ಟು ಹೆಚ್ಚುತ್ತದೆ, ಕೋನ ರೇಡಿಯನ್‌ನಲ್ಲಿ. 5 ಡಿಗ್ರಿಗೆ ಇದು ನೂರಕ್ಕೆ 0.05, ತಲೆಕೆಡಿಸಿಕೊಳ್ಳಬೇಕಿಲ್ಲ. 10 ಡಿಗ್ರಿಗೆ 0.19, ಅಂದರೆ ಜಿ ನೂರಕ್ಕೆ 0.4ರಷ್ಟು ಕಡಿಮೆ. 20 ಡಿಗ್ರಿಗೆ ಜಿ ನೂರಕ್ಕೆ 1.5 ಕಡಿಮೆಯಾಗಿ 9.63ಕ್ಕೆ ಬರುತ್ತದೆ. 1 ಮೀಟರ್ ಲೋಲಕಕ್ಕೆ 5 ಡಿಗ್ರಿ ಎಂದರೆ ಗುಂಡನ್ನು ಸುಮಾರು 9 ಸೆಂ.ಮೀ. ಪಕ್ಕಕ್ಕೆಳೆದು ಬಿಡುವುದು. ‘ಸ್ವಲ್ಪ ಎಳೆದು ಬಿಟ್ಟೆವು’ ಎಂದು ಬರೆಯುವ ಬದಲು ಈ 9 ಸೆಂ.ಮೀ. ಬರೆದಿದ್ದರೆ ಓದುವವರು ತಾವೇ ಲೆಕ್ಕ ಹಾಕಿ ನೋಡುತ್ತಾರೆ.

ಜಿ ಕಡಿಮೆ ಬರಲು ಇನ್ನೂ ಕಾರಣಗಳುಂಟು. ಉದ್ದ ಅಳೆದ ಮೇಲೆ ದಾರ ಹಿಗ್ಗಿದ್ದರೆ ನಿಜವಾದ ಉದ್ದ ಬರೆದದ್ದಕ್ಕಿಂತ ಹೆಚ್ಚು. ಗುಂಡನ್ನು ತೂಗುಬಿಟ್ಟ ಮೇಲೆಯೇ ಅಳೆಯಬೇಕು, ರೀಡಿಂಗ್ ಮುಗಿದ ಮೇಲೆ ಇನ್ನೊಮ್ಮೆ ಅಳೆಯಬೇಕು. ಸೀಳಿದ ಕಾರ್ಕನ್ನು ಬಿಗಿಯಾಗಿ ಹಿಡಿಸದಿದ್ದರೆ ದಾರ ಸೀಳಿನೊಳಗೇ ಅಲುಗಾಡಿ, ತೂಗುವ ಬಿಂದು ಕಾರ್ಕಿನ ಕೆಳ ಅಂಚಿನಿಂದ ಮೇಲಕ್ಕೆ ಸರಿಯುತ್ತದೆ. ಆಗಲೂ ನಿಜವಾದ ಉದ್ದ ಹೆಚ್ಚು. ಗುಂಡು ನೇರವಾಗಿ ಹೋಗದೆ ಅಂಡಾಕಾರವಾಗಿ ಸುತ್ತತೊಡಗಿದರೆ ಆ ರೀಡಿಂಗ್ ಬಿಟ್ಟು ಹೊಸದಾಗಿ ಶುರುಮಾಡಿ. ತಳ್ಳದೆ, ಬೆರಳು ಸಡಿಲಿಸಿ ಬಿಟ್ಟರೆ ಈ ತೊಂದರೆ ಬಹಳ ಮಟ್ಟಿಗೆ ಇರುವುದಿಲ್ಲ.

‘ಮಾನವ ದೋಷ’ ಎಂಬ ಪದವನ್ನು ವರದಿಯಿಂದ ಪೂರ್ತಿ ತೆಗೆದುಬಿಡಿ. ಎಣಿಕೆ ತಪ್ಪಿತೇ, ಸ್ಕೇಲನ್ನು ಓರೆಯಿಂದ ಓದಿದ್ದೇ, ವಾಚ್ ತಡವಾಗಿ ಒತ್ತಿದ್ದೇ ಎಂದು ಹೆಸರಿಟ್ಟು ಹೇಳಿ. ವಾಚನ್ನು ಶುರುವಿನಲ್ಲೂ ಕೊನೆಯಲ್ಲೂ ಒಂದೇ ರೀತಿ ತಡವಾಗಿ ಒತ್ತಿದರೆ ಎರಡೂ ವಜಾ ಆಗುತ್ತವೆ ಎಂಬುದೂ ನೆನಪಿರಲಿ.

ತತ್ವ, ಉಪಕರಣ, ವಿಧಾನ

ತತ್ವಕ್ಕೆ ಅರ್ಧ ಪುಟ ಸಾಕು. ಪಠ್ಯಪುಸ್ತಕದ ಅಧ್ಯಾಯವನ್ನೇ ಇಳಿಸಬೇಕಿಲ್ಲ. ಸಣ್ಣ ಕೋನ ಎಂಬ ಷರತ್ತು ಎಲ್ಲಿ ಬರುತ್ತದೆ, ಯಾವ ಸೂತ್ರ, ಅದನ್ನು ನೇರ ಗೆರೆಯ ರೂಪಕ್ಕೆ ಹೇಗೆ ತಂದಿರಿ, ಪ್ರತಿ ಚಿಹ್ನೆಯ ಅರ್ಥವೇನು: ಇಷ್ಟಿದ್ದರೆ ಆಯಿತು.

ಉಪಕರಣಗಳ ಪಟ್ಟಿಯಲ್ಲಿ ‘ದಾರ, ಗುಂಡು, ಸ್ಟಾಪ್‌ವಾಚ್’ ಎಂದು ಬಿಟ್ಟರೆ ಉಪಯೋಗವಿಲ್ಲ. ಹೀಗೆ ಬರೆಯಿರಿ: ಹಿತ್ತಾಳೆ ಗುಂಡು (ವ್ಯಾಸ 1.98 ಸೆಂ.ಮೀ.), ಹುರಿ ಬಿಚ್ಚದ ತೆಳು ದಾರ, ಸೀಳಿದ ಕಾರ್ಕ್, ಮೇಜಿನ ಅಂಚಿಗೆ ಬಿಗಿದ ಸ್ಟ್ಯಾಂಡ್, ಅಳತೆ ಟೇಪ್ (ಲೀಸ್ಟ್ ಕೌಂಟ್ 1 ಮಿ.ಮೀ.), ವರ್ನಿಯರ್ ಕ್ಯಾಲಿಪರ್ಸ್ (0.1 ಮಿ.ಮೀ.), ಡಿಜಿಟಲ್ ಸ್ಟಾಪ್‌ವಾಚ್ (0.01 ಸೆ). 1.4 ಮೀಟರನ್ನು ಮೀಟರ್ ಸ್ಕೇಲಿನಿಂದ ಅಳೆಯುವುದಾದರೆ ಸ್ಕೇಲನ್ನು ಸರಿಸಬೇಕಾಗುತ್ತದೆ, ಅದಕ್ಕೂ 1 ಮಿ.ಮೀ. ಸಂಶಯ ಸೇರಿಸಿ.

ವಿಧಾನವನ್ನು ಭೂತಕಾಲದಲ್ಲಿ ಬರೆಯಬೇಕು. ಮ್ಯಾನ್ಯುಯಲ್‌ನಲ್ಲಿ ‘ಗುಂಡನ್ನು ತೂಗುಬಿಡಿ, ಸಮಯವನ್ನು ಗುರುತಿಸಿ’ ಎಂದಿರುತ್ತದೆ, ಅದು ನಿಮಗೆ ಕೊಟ್ಟ ಆದೇಶ. ಅದೇ ಆದೇಶ ವರದಿಯಲ್ಲೂ ಕಂಡರೆ ನಕಲು ಎಂದು ಮೊದಲ ಸಾಲಿಗೇ ಗೊತ್ತಾಗುತ್ತದೆ. ‘ಅಳೆಯಲಾಯಿತು, ಗುರುತಿಸಲಾಯಿತು’ ಎಂಬ ರೂಪವನ್ನು ಕೆಲವು ಕಡೆ ಬಯಸುತ್ತಾರೆ. ಕೇಳದಿದ್ದರೆ ‘ಅಳೆದೆವು’ ಎನ್ನುವುದೇ ಚೊಕ್ಕ. ಮಾದರಿಗೆ ಒಂದು ತುಣುಕು:

‘ಗುಂಡಿನ ವ್ಯಾಸವನ್ನು ಒಂದಕ್ಕೊಂದು ಲಂಬವಾದ ಎರಡು ದಿಕ್ಕುಗಳಲ್ಲಿ ಅಳೆದು ಸರಾಸರಿ ತೆಗೆದುಕೊಂಡೆವು. ಗುಂಡನ್ನು ತೂಗುಬಿಟ್ಟ ಸ್ಥಿತಿಯಲ್ಲಿ ಕಾರ್ಕಿನ ಕೆಳ ಅಂಚಿನಿಂದ ಗುಂಡಿನ ತಳದವರೆಗೆ ಅಳೆದು, ಅದರಲ್ಲಿ ತ್ರಿಜ್ಯವನ್ನು ಕಳೆದು ಎಲ್ ಪಡೆದೆವು. ಪ್ರತಿ ಸಲವೂ ಕೋನ 5 ಡಿಗ್ರಿ ಮೀರದಂತೆ ಬಿಟ್ಟು, ಮೊದಲ ಎರಡು ಮೂರು ಆಂದೋಲನಗಳನ್ನು ಎಣಿಸದೆ ಬಿಟ್ಟೆವು.’

ತಳದವರೆಗೆ ಅಳೆದು ತ್ರಿಜ್ಯ ಕಳೆಯುವುದು ಒಳ್ಳೆಯದು, ಏಕೆಂದರೆ ಗುಂಡಿನ ಕೊಕ್ಕೆ ಎಲ್ಲಿ ಮುಗಿದು ಗುಂಡು ಎಲ್ಲಿ ಶುರುವಾಗುತ್ತದೆ ಎಂಬ ಗೊಂದಲವೇ ಬರುವುದಿಲ್ಲ. ಚಿತ್ರವೊಂದನ್ನು ಹಾಕಿ ಎಲ್ ಎಲ್ಲಿಂದ ಎಲ್ಲಿಗೆ ಎಂದು ಬಾಣದ ಗುರುತಿನಿಂದ ತೋರಿಸಿ.

ಸಾರಾಂಶ ಮತ್ತು ಶೀರ್ಷಿಕೆ

ಎಲ್ಲ ಮುಗಿದ ಮೇಲೆ ಸಾರಾಂಶ. ಏನನ್ನು, ಹೇಗೆ ಅಳೆದಿರಿ, ಎಷ್ಟು ಬಂತು, ಅದರ ಅರ್ಥವೇನು. ನಾಲ್ಕು ವಾಕ್ಯ:

‘ಸರಳ ಲೋಲಕದ ಆಂದೋಲನಾವಧಿಯನ್ನು 0.600ರಿಂದ 1.400 ಮೀಟರ್‌ವರೆಗಿನ ಐದು ಉದ್ದಗಳಿಗೆ ಅಳೆದೆವು. ಅವಧಿಯ ವರ್ಗ ಉದ್ದಕ್ಕೆ ನೇರ ಅನುಪಾತದಲ್ಲಿರುವುದು ಗ್ರಾಫಿನಿಂದ ಕಂಡುಬಂತು. ಸ್ಲೋಪಿನಿಂದ ಗುರುತ್ವ ವೇಗೋತ್ಕರ್ಷ 9.77 ± 0.04 ಮೀ/ಸೆ² ಎಂದು ಬಂದಿದ್ದು, ಬೆಂಗಳೂರಿನ ಬೆಲೆಯಾದ 9.78ಕ್ಕೆ ಹೊಂದುತ್ತದೆ. ಅನಿಶ್ಚಿತತೆಯ ಮುಖ್ಯ ಮೂಲ ಕೈಯಿಂದ ಸಮಯ ಗುರುತಿಸಿದ್ದು.’

ಸಾರಾಂಶದಲ್ಲಿ ಅಂಕಿ ಇಲ್ಲದಿದ್ದರೆ ಅದು ಸಾರಾಂಶವಲ್ಲ. ‘ಉತ್ತಮ ಫಲಿತಾಂಶ ದೊರೆಯಿತು’ ಎಂಬಲ್ಲಿ ಉತ್ತಮ ಎಂದರೆ ಎಷ್ಟು? ಶೀರ್ಷಿಕೆಗೂ ಇದೇ ಮಾತು. ‘ಪ್ರಯೋಗ 3’ ಎಂದು ಬಿಡದೆ ‘ಸರಳ ಲೋಲಕದಿಂದ ಗುರುತ್ವ ವೇಗೋತ್ಕರ್ಷದ ನಿರ್ಧಾರ’ ಎಂದು ಬರೆಯಿರಿ; ಕೆಳಗೆ ಹೆಸರು, ಜೊತೆಗಾರರ ಹೆಸರು, ಪ್ರಯೋಗ ಮಾಡಿದ ದಿನ, ವರದಿ ಕೊಟ್ಟ ದಿನ. ಇಬ್ಬರೂ ಒಂದೇ ರೀಡಿಂಗ್ ಬಳಸುವುದು ಸಹಜ, ಆದರೆ ಲೆಕ್ಕ, ಗ್ರಾಫ್, ಚರ್ಚೆ ಅವರವರದೇ ಆಗಿರಬೇಕು.

ಕೊಡುವ ಮೊದಲು

ಕೋಷ್ಟಕಕ್ಕೆ ಮೇಲ್ಗಡೆ, ಚಿತ್ರ ಮತ್ತು ಗ್ರಾಫಿಗೆ ಕೆಳಗಡೆ ಸಂಖ್ಯೆ ಮತ್ತು ಒಂದು ಸಾಲಿನ ವಿವರಣೆ ಇದೆಯೇ ನೋಡಿ. ವರದಿಯ ಮಾತಿನಲ್ಲೂ ಆ ಸಂಖ್ಯೆಯ ಉಲ್ಲೇಖ ಬರಬೇಕು. ಸಾರಾಂಶ, ಲೆಕ್ಕ, ಫಲಿತಾಂಶ ಈ ಮೂರೂ ಕಡೆ ಉತ್ತರ ಒಂದೇ ಆಗಿದೆಯೇ ಎಂದು ಬೆರಳಿಟ್ಟು ತಾಳೆ ನೋಡಿ. ಲೆಕ್ಕ ತಿದ್ದಿದಾಗ ಒಂದು ಕಡೆ ಹಳೆಯ ಅಂಕಿ ಉಳಿದುಬಿಡುವುದು ಬಹಳ ಆಗುತ್ತದೆ. ಏಕಮಾನವಿಲ್ಲದ ಒಂದು ಅಂಕಿಯೂ ಇರಬಾರದು. ಕೊನೆಗೆ ಲ್ಯಾಬಿನಲ್ಲಿ ಬರೆದ ಮೂಲ ರೀಡಿಂಗುಗಳ ಹಾಳೆಯನ್ನು, ಹೊಡೆದುಹಾಕಿದ ಅಂಕಿಗಳ ಸಮೇತ, ಮೇಲ್ವಿಚಾರಕರ ಸಹಿಯೊಂದಿಗೆ ಅನುಬಂಧವಾಗಿ ಲಗತ್ತಿಸಿ.